ಮೂಲೆ ನೋಡಿ ಲೆನ್ಸ್ ಕೊಳ್ಳಿ: ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದ ಹಳೆ ವೈಡ್ ಆಂಗಲ್ ಲೆನ್ಸ್ ಬಳಸುವ, ಕಾಪಾಡುವ ಸಮಗ್ರ ಮಾರ್ಗದರ್ಶಿ

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯೊಳಗೆ ನಾನು ತೆಗೆದ ಮೊದಲ 4×5 ಇಂಚಿನ ದೊಡ್ಡ ಫಿಲ್ಮ್ ನೆಗೆಟಿವ್ ಇನ್ನೂ ನನ್ನ ಹತ್ತಿರ ಇದೆ. ನಡುವಿನ ಕಂಬಗಳು ಛಲೋ ಬಂದಿವೆ. ಬಳೆ ಜೋಡಿಸಿದ ಹಾಗಿರುವ ಅಂಚುಗಳನ್ನು ಒಂದೊಂದಾಗಿ ಎಣಿಸಬಹುದು. ಆದರೆ ಮೇಲಿನ ಎರಡು ಮೂಲೆಗಳಲ್ಲಿ ಚಿತ್ರವೇ ಇಲ್ಲ. ಬರೀ ಪಾರದರ್ಶಕ ಫಿಲ್ಮ್. ಛಾವಣಿಯೂ ಸ್ವಲ್ಪ ಬರಲಿ ಅಂತ ಲೆನ್ಸನ್ನು 10 ಮಿ.ಮೀ. ಮೇಲೆತ್ತಿದ್ದೆ, ಅಷ್ಟೇ. ಕ್ಯಾಮೆರಾದ ಹಿಂದೆ ಚಿತ್ರ ನೋಡುವ ಮಸುಕು ಗಾಜು, ಅಂದರೆ ಗ್ರೌಂಡ್ ಗ್ಲಾಸ್ ಮೇಲೆ ಆ ಮೂಲೆಗಳು ಕಪ್ಪಾಗಿಯೇ ಕಂಡಿದ್ದವು. ಗುಡಿಯೊಳಗೆ ಕತ್ತಲೆ ಇರೋದು ಸಹಜ ಅಲ್ವಾ ಅಂದುಕೊಂಡು ಫೋಟೋ ತೆಗೆಯುವ ಕೇಬಲ್ ಒತ್ತಿದ್ದೆ.

ಹಳೆ ವೈಡ್ ಲೆನ್ಸನ್ನು ನಡುವೆ ನೋಡಿ ಏನೂ ತಿಳಿಯುವುದಿಲ್ಲ ಅಂತ ಅವತ್ತು ಗೊತ್ತಾಯಿತು. ನಡುವೆ ಎಲ್ಲ ಲೆನ್ಸೂ ಒಳ್ಳೆಯವೇ. ಕೊಳ್ಳುವಾಗ, ಫೋಕಸ್ ಮಾಡುವಾಗ, ಬೂಷ್ಟು ಹುಡುಕುವಾಗ ಕಣ್ಣು ಮೊದಲು ಅಂಚಿಗೆ ಹೋಗಬೇಕು. ಈ ಬರಹದಲ್ಲಿ ನಾನು ಹೇಳುವುದೆಲ್ಲ ಹೆಚ್ಚುಕಡಿಮೆ ಅದೇ.

ಅಂದ ಹಾಗೆ, ನಮ್ಮ ಭಾಗದ ಗುಡಿಗಳ ಮುಂದೆ ದೊಡ್ಡ ಕ್ಯಾಮೆರಾ ನಿಂತದ್ದು ಹೊಸತೇನಲ್ಲ. 1850ರ ದಶಕದಲ್ಲೇ ಥಾಮಸ್ ಬಿಗ್ಸ್, ವಿಲಿಯಂ ಹೆನ್ರಿ ಪಿಗೌ ಎಂಬ ಬ್ರಿಟಿಷರು ಮುಂಬಯಿ ಸರ್ಕಾರದ ಕೆಲಸವಾಗಿ ಧಾರವಾಡ, ವಿಜಾಪುರ ಸೀಮೆಯ ಶಿಲ್ಪಗಳನ್ನು ಫೋಟೋ ತೆಗೆದಿದ್ದರು. ಅವರ ಹತ್ತಿರ ಫಿಲ್ಮ್ ಇರಲಿಲ್ಲ, ಕಾಗದದ ನೆಗೆಟಿವ್ ಬಳಸುತ್ತಿದ್ದರು. ನಮ್ಮ ಕಷ್ಟ ಅದರ ಮುಂದೆ ಏನೇನೂ ಅಲ್ಲ.

ರೊಟ್ಟಿಯ ಲೆಕ್ಕ

ಲೆನ್ಸ್ ಹಿಂದೆ ಬೀಳುವ ಚಿತ್ರ ದುಂಡಗೆ ಇರುತ್ತದೆ, ಜೋಳದ ರೊಟ್ಟಿ ಹಾಗೆ. ಆ ರೊಟ್ಟಿಯಲ್ಲಿ ಫಿಲ್ಮ್ ಒಂದು ಆಯತವನ್ನು ಕೊಯ್ದುಕೊಳ್ಳುತ್ತದೆ. 4×5 ಇಂಚಿನ ಫಿಲ್ಮಿನಲ್ಲಿ ನಿಜವಾಗಿ ಚಿತ್ರ ಬೀಳುವ ಜಾಗ ಸುಮಾರು 95×120 ಮಿ.ಮೀ. ಮೂಲೆಯಿಂದ ಮೂಲೆಗೆ ಅಳೆದರೆ 153 ಮಿ.ಮೀ. ರೊಟ್ಟಿಯ ಅಗಲ ಕನಿಷ್ಠ ಅಷ್ಟಿರಬೇಕು. ಲೆನ್ಸನ್ನು ಮೇಲೆ ಕೆಳಗೆ ಸರಿಸಬೇಕೆಂದರೆ ಅದಕ್ಕಿಂತ ಜಾಸ್ತಿ ಬೇಕು.

ನನ್ನ ಲೆನ್ಸ್ ಷ್ನೈಡರ್ ಕಂಪನಿಯ 90 ಮಿ.ಮೀ. ಆಂಗ್ಯುಲಾನ್, ಎಫ್/6.8. ಮಿ.ಮೀ. ಅಂದರೆ ಫೋಕಲ್ ಲೆಂತ್, ಚಿಕ್ಕದಾದಷ್ಟು ನೋಟ ಅಗಲ; ಎಫ್ ಅಂಕಿ ದೊಡ್ಡದಾದಷ್ಟು ಬೆಳಕು ಬರುವ ತೂತು, ಅಂದರೆ ಅಪರ್ಚರ್, ಚಿಕ್ಕದು. ಎಫ್/22ಕ್ಕೆ ಮುಚ್ಚಿದಾಗ ಅದರ ರೊಟ್ಟಿ 154 ಮಿ.ಮೀ. ಅಂದರೆ ಉಳಿಯುವುದು ಒಂದೇ ಮಿಲಿಮೀಟರ್. ನಾನು ಎತ್ತಿದ್ದು ಹತ್ತು! ಪೂರ್ತಿ ತೆರೆದಿಟ್ಟರೆ ಈ ಲೆನ್ಸಿನ ಮೂಲೆಗಳು ಇನ್ನೂ ಮಸುಕು. ಹಳೆ ವೈಡ್ ಲೆನ್ಸ್‌ಗಳ ದೊಡ್ಡ ಅಪರ್ಚರ್ ಇರುವುದು ಬರೀ ಫೋಕಸ್ ಮಾಡಲಿಕ್ಕೆ ಅಂತ ತಿಳಿದುಕೊಳ್ಳಿ. ಫೋಟೋ ತೆಗೆಯುವುದು ಎಫ್/22ರಲ್ಲಿ, ಬೇಕಾದರೆ ಎಫ್/32.

1950ರ ದಶಕದಲ್ಲಿ ಬಂದ ಸೂಪರ್ ಆಂಗ್ಯುಲಾನ್ ಬೇರೆಯೇ ಜಾತಿ. 90 ಮಿ.ಮೀ. ಎಫ್/8ರ ಆ ಲೆನ್ಸಿನ ವೃತ್ತ 216 ಮಿ.ಮೀ. 4×5 ಫಿಲ್ಮನ್ನು ಅಡ್ಡ ಇಟ್ಟರೆ ಲೆನ್ಸನ್ನು ಸುಮಾರು 40 ಮಿ.ಮೀ. ಮೇಲೆತ್ತಬಹುದು. ಗೋಪುರ, ಎತ್ತರದ ಕಟ್ಟಡ ತೆಗೆಯುವವರು ಸುಮ್ನೆ ತಲೆ ಕೆಡಿಸಿಕೊಳ್ಳದೆ ಇದನ್ನೇ ಕೊಳ್ಳಿ. ಭಾರ ಜಾಸ್ತಿ, ದುಡ್ಡೂ ಜಾಸ್ತಿ. ಹಳೆ ಆಂಗ್ಯುಲಾನ್ ಅಂಗಿಯ ಕಿಸೆಯಲ್ಲಿ ಕೂರುತ್ತದೆ, ನನಗೆ ಅದೇ ಇಷ್ಟ.

ಕೊಡಕ್ ಕಂಪನಿಯ ವೈಡ್ ಫೀಲ್ಡ್ ಎಕ್ಟಾರ್ ಕೂಡ ಒಳ್ಳೆಯದು. 100 ಮಿ.ಮೀ. ಲೆನ್ಸ್ 4×5ಕ್ಕೆ ಸ್ವಲ್ಪ ಸರಿದಾಟದ ಜಾಗ ಬಿಡುತ್ತದೆ. ಎಕ್ಟಾರ್ ಯಾವ ವರ್ಷದ್ದು ಅಂತ ಅದರ ನಂಬರೇ ಹೇಳುತ್ತದೆ. ಸೀರಿಯಲ್ ನಂಬರಿನ ಮೊದಲು ಎರಡು ಅಕ್ಷರ ಇರುತ್ತವೆ. 'ಕ್ಯಾಮೆರಾಸಿಟಿ' ಎಂಬ ಪದದ ಇಂಗ್ಲಿಷ್ ಅಕ್ಷರಗಳಾದ ಸಿ, ಎ, ಎಂ, ಇ, ಆರ್, ಓ, ಎಸ್, ಐ, ಟಿ, ವೈ ಇವಕ್ಕೆ ಕ್ರಮವಾಗಿ 1ರಿಂದ 9, ಕೊನೆಗೆ 0 ಕೊಟ್ಟುಕೊಳ್ಳಿ. 'ಇ ಎಸ್' ಇದ್ದರೆ 47, ಅಂದರೆ 1947.

ಗೋಯರ್ಜ್ ಕಂಪನಿಯ ಡಾಗೋರ್ ಇನ್ನೂ ಹಳೆಯದು. ಎಮಿಲ್ ಫಾನ್ ಹೋಗ್ 1892ರಲ್ಲಿ ರೂಪಿಸಿದ್ದು. ಇದೇ ಕಂಪನಿಯ ಹೈಪರ್ಗಾನ್ 1900ರ ಹೊತ್ತಿನದು. ಸುಮಾರು 135 ಡಿಗ್ರಿ ನೋಡುತ್ತದೆ. ನಡುವೆ ಬೆಳಕು ಜಾಸ್ತಿ ಬೀಳಬಾರದು ಅಂತ ಅದರ ಮುಂದೆ ಒಂದು ಪುಟ್ಟ ನಕ್ಷತ್ರದಂಥ ಫ್ಯಾನ್ ಇರುತ್ತದೆ, ಗಾಳಿ ಊದಿ ತಿರುಗಿಸಬೇಕು. ನೋಡಲು ಚಂದ, ಸಿಕ್ಕರೆ ಕೈ ಮುಗಿದು ವಾಪಸ್ ಕೊಡಿ. ಬೆಲೆ ಹಾಗಿರುತ್ತದೆ.

ಹಳೆ ಸ್ಟುಡಿಯೋಗಳ ಮರದ ಕ್ಯಾಮೆರಾ ಕೆಲವರ ಮನೆಯಲ್ಲಿ ಇರಬಹುದು. ಕೇರಳದ ಅಲೆಪ್ಪಿಯಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿಯೂ ಅಂಥದ್ದೇ. ಹಾಫ್ ಪ್ಲೇಟ್ ಕ್ಯಾಮೆರಾ ಆದರೆ ಮೂಲೆಯಿಂದ ಮೂಲೆಗೆ 204 ಮಿ.ಮೀ. 90ರ ಆಂಗ್ಯುಲಾನ್ ಅದಕ್ಕೆ ಸಾಲದು. 5×7 ಇಂಚಿಗೆ ಹೊಂದುವ 120 ಮಿ.ಮೀ. ಆಂಗ್ಯುಲಾನ್ ಹುಡುಕಿ.

ಕೊಳ್ಳುವ ಮೊದಲು ಟಾರ್ಚ್ ಹಾಕಿ

ಶಟರನ್ನು 'ಟಿ' ಅಥವಾ 'ಬಿ'ಯಲ್ಲಿ (ಬೇಕಾದಷ್ಟು ಹೊತ್ತು ತೆರೆದಿಡುವ ಗುರುತುಗಳು) ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ನೇರ ಬಿಟ್ಟರೆ ಧೂಳೂ ದೊಡ್ಡ ರೋಗದ ಹಾಗೆ ಕಾಣುತ್ತದೆ.

ಜೇಡರ ಬಲೆಯಂಥ ಎಳೆಗಳು ಅಂಚಿನಿಂದ ಒಳಗೆ ಬರುತ್ತಿದ್ದರೆ ಅದು ಫಂಗಸ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಮಚ್ಚೆ ಇದ್ದರೆ ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಡುತ್ತಿದೆ. ಅದನ್ನು ಸರಿಮಾಡುವುದು ಮನೆಯ ಕೆಲಸವಲ್ಲ. ಇಡೀ ಗಾಜು ಹಾಲು ಬೆರೆಸಿದ ನೀರಿನ ಹಾಗಿದ್ದರೆ ಮಬ್ಬು ಕಟ್ಟಿದೆ, ಸಾಮಾನ್ಯವಾಗಿ ಒರೆಸಿದರೆ ಹೋಗುತ್ತದೆ. ಇನ್ನು ಹಳೆ ಷ್ನೈಡರ್‌ಗಳಲ್ಲಿ ಒಳಗಿನ ಅಂಚಿನ ಸುತ್ತ ರವೆ ಉದುರಿದಂತೆ ಬಿಳಿ ಚುಕ್ಕೆ ಕಾಣುತ್ತವೆ. ಕಪ್ಪು ಬಣ್ಣ ಎದ್ದದ್ದು ಅದು. ಚಿತ್ರಕ್ಕೆ ಅಂಥ ತೊಂದರೆ ಇಲ್ಲ. ಮಾರುವವರಿಗೆ ಮಾತ್ರ ತೋರಿಸಿ, ಬೆಲೆ ಇಳಿಯುತ್ತದೆ.

ಡಾಗೋರ್, ಆಂಗ್ಯುಲಾನ್ ಕೊಳ್ಳಲು ನಾನು ಧೈರ್ಯ ಹೇಳುವುದಕ್ಕೆ ಒಂದು ಕಾರಣವಿದೆ. ಎರಡರಲ್ಲೂ ಆರು ಗಾಜುಗಳಿವೆ, ಆದರೆ ಮೂರು ಮೂರು ಸೇರಿಸಿ ಅಂಟಿಸಿ ಎರಡೇ ಗುಂಪು ಮಾಡಿದ್ದಾರೆ. ಗಾಳಿಗೆ ತೆರೆದಿರುವ ಮೈ ನಾಲ್ಕೇ. ಮುಂದಿನ ಗುಂಪು, ಹಿಂದಿನ ಗುಂಪು ಎರಡನ್ನೂ ಕೈಯಿಂದ ತಿರುಗಿಸಿ ಶಟರಿನಿಂದ ಬಿಚ್ಚಿದರೆ ನಾಲ್ಕೂ ಮೈ ನಿಮ್ಮ ಮುಂದೆ! ಯಾವ ಸ್ಕ್ರೂ ಕೂಡ ತೆಗೆಯಬೇಕಿಲ್ಲ. ಸೂಪರ್ ಆಂಗ್ಯುಲಾನಿನಲ್ಲಿ ಗಾಜಿನ ಗುಂಪು ನಾಲ್ಕು, ಒಳಗಿನ ಮೈಗಳಿಗೆ ಕೈ ಹೋಗುವುದಿಲ್ಲ.

ಬಿಚ್ಚುವಾಗ ಒಂದು ಎಚ್ಚರ. ಗುಂಪಿಗೂ ಶಟರಿಗೂ ನಡುವೆ ಕಾಗದದಷ್ಟು ತೆಳ್ಳಗಿನ ಹಿತ್ತಾಳೆ ಬಳೆ ಇರಬಹುದು. ಗುಂಪುಗಳ ಅಂತರ ಸರಿಹೊಂದಿಸಲು ಕಾರ್ಖಾನೆಯಲ್ಲೇ ಹಾಕಿದ್ದು ಅದು. ಕಳೆದರೆ ಮೂಲೆಗಳ ಚೂಪು ಹೋಗುತ್ತದೆ. ಬಿಳಿ ಟವೆಲ್ ಹಾಸಿಕೊಂಡು ಕೆಲಸ ಮಾಡಿ.

ಕ್ಯಾಮೆರಾಕ್ಕೆ ಕೂರಿಸುವುದು

90 ಮಿ.ಮೀ. ಲೆನ್ಸ್ ಫಿಲ್ಮಿನಿಂದ ಸುಮಾರು 90 ಮಿ.ಮೀ. ದೂರದಲ್ಲಿ ನಿಲ್ಲಬೇಕು. ಅಷ್ಟು ಹತ್ತಿರಕ್ಕೆ ಬೆಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ) ಮಡಚಿಕೊಳ್ಳದಿದ್ದರೆ ಒಳಕ್ಕೆ ತಗ್ಗಾಗಿರುವ ಲೆನ್ಸ್ ಬೋರ್ಡ್, ಅಂದರೆ ಲೆನ್ಸ್ ಕೂರಿಸುವ ಹಲಗೆ ಬೇಕು. ಒಂದೇ ಹಳಿಯ ಮೇಲೆ ಓಡುವ ಮಾನೋರೈಲ್ ಕ್ಯಾಮೆರಾ ಇದ್ದವರು ಚೀಲದಂಥ ಬ್ಯಾಗ್ ಬೆಲೋಸ್ ಹಾಕಿಕೊಳ್ಳಿ. ಮಡಚುವ ಕ್ಯಾಮೆರಾ ಆದರೆ ಮುಂದಿನ ಹಲಗೆ ಚಿತ್ರದೊಳಗೆ ಬರುತ್ತದೆ, ಅದನ್ನು ಕೆಳಗೆ ಇಳಿಸುವ ಏರ್ಪಾಡು ಇದೆಯೇ ನೋಡಿ.

ಬೋರ್ಡಿನ ತೂತು ಶಟರಿನ ಅಳತೆಗೆ ಹೊಂದಬೇಕು. ಕೋಪಾಲ್ ಎಂಬ ಶಟರಿನ 0 ಅಳತೆಗೆ 34.6 ಮಿ.ಮೀ., ಕೋಪಾಲ್ 1ಕ್ಕೆ 41.6 ಮಿ.ಮೀ. ಹಳೆ ಕಂಪುರ್ ಶಟರ್ ಆದರೆ ಕ್ಯಾಲಿಪರ್ ಹಿಡಿದು ಅಳೆದೇ ಕೊರೆಸಿ. ಲೇತ್ ಕೆಲಸದವರಿಗೆ ನಮ್ಮ ಹುಬ್ಬಳ್ಳಿಯಲ್ಲಿ ಬರ ಇಲ್ಲ.

ಆಮೇಲೆ ಲೆನ್ಸ್ ಇರುವ ಮುಂದಿನ ಚೌಕಟ್ಟು, ಫಿಲ್ಮ್ ಇರುವ ಹಿಂದಿನ ಚೌಕಟ್ಟು ಸಮಾಂತರ ಇರಬೇಕು. ದೂರದ ಗುಡ್ಡದಿಂದ 3 ಮೀಟರ್ ಹತ್ತಿರದ ಕಂಬಕ್ಕೆ ಫೋಕಸ್ ತರಲು 150 ಮಿ.ಮೀ. ಲೆನ್ಸ್ ಸುಮಾರು 8 ಮಿ.ಮೀ. ಓಡಾಡಬೇಕು. 90 ಮಿ.ಮೀ. ಲೆನ್ಸಿಗೆ 3 ಮಿ.ಮೀ. ಕೂಡ ಬೇಡ. ಹಾಗಾಗಿ ಮುಂದಿನ ಚೌಕಟ್ಟು ಒಂದು ಮಿಲಿಮೀಟರ್ ಓರೆಯಾದರೂ ಒಂದು ಪಕ್ಕದ ಕಂಬ ಚೂಪು, ಇನ್ನೊಂದು ಪಕ್ಕದ್ದು ಮೆತ್ತಗೆ. ಸ್ಟೀಲ್ ಸ್ಕೇಲ್ ಹಿಡಿದು ಎರಡು ಚೌಕಟ್ಟುಗಳ ನಡುವಿನ ಅಂತರವನ್ನು ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಮರದ ಕ್ಯಾಮೆರಾ ಮಳೆಗಾಲದಲ್ಲಿ ಉಬ್ಬುತ್ತದೆ, ಪ್ರತಿ ಸಲ ಅಳೆಯುವುದೇ ಲೇಸು.

ಗುಡಿಯೊಳಗೆ, ಒಂದೊಂದೇ ಹೆಜ್ಜೆ

ಲಕ್ಕುಂಡಿ ಗದಗದಿಂದ ಹತ್ತಿರ, ಸುಮಾರು 12 ಕಿ.ಮೀ. ಅಲ್ಲಿನ ದೊಡ್ಡ ಗುಡಿಗಳು ಸಂರಕ್ಷಿತ ಸ್ಮಾರಕಗಳು, ಸ್ಟ್ಯಾಂಡ್ ಹಾಕಲು ಅನುಮತಿ ಬೇಕು. ಪುರಾತತ್ವ ಸರ್ವೇಕ್ಷಣ ಇಲಾಖೆಯ ವೃತ್ತ ಕಚೇರಿ ಧಾರವಾಡದಲ್ಲೇ ಇದೆ, ಮೊದಲೇ ಕೇಳಿಕೊಂಡು ಹೋಗಿ.

ಮೊದಲು ಕ್ಯಾಮೆರಾದ ಬೆನ್ನು ನೆಟ್ಟಗೆ ನಿಲ್ಲಿಸಿ. ಗಾರೆ ಕೆಲಸದವರ ಲೆವೆಲ್ ಸಾಕು. ವೈಡ್ ಲೆನ್ಸ್ ಹಾಕಿದಾಗ ಬೆನ್ನು ಕೂದಲಿನಷ್ಟು ವಾಲಿದರೂ ಕಂಬಗಳು ಒಂದರ ಮೇಲೊಂದು ಬೀಳುವಂತೆ ಕಾಣುತ್ತವೆ. ಛಾವಣಿ ಬೇಕು ಅಂದರೆ ಕ್ಯಾಮೆರಾ ಹಿಂದೆ ಸರಿಸಿ ಅಥವಾ ಸ್ಟ್ಯಾಂಡ್ ಎತ್ತರಿಸಿ. ರೊಟ್ಟಿಯಲ್ಲಿ ಜಾಗ ಇದ್ದರೆ ಮಾತ್ರ ಲೆನ್ಸ್ ಎತ್ತಿ.

ಗ್ರೌಂಡ್ ಗ್ಲಾಸ್ ನೋಡುವಾಗ ಹೊದ್ದುಕೊಳ್ಳುವ ಕಪ್ಪು ಬಟ್ಟೆ ದಪ್ಪಗಿರಲಿ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಇರುವ ಊರು ನಮ್ಮದು, ದಪ್ಪ ಖಾದಿಗೆ ಬೇರೆಲ್ಲೂ ಹೋಗಬೇಕಿಲ್ಲ. ಒಳಗೆ ಕಪ್ಪು, ಹೊರಗೆ ಬಿಳಿ ಹೊಲಿಸಿ. ಗದಗದ ಏಪ್ರಿಲ್ ಬಿಸಿಲಲ್ಲಿ ಎರಡೂ ಕಡೆ ಕಪ್ಪು ಹೊದ್ದು ನಿಂತವರಿಗೆ ಈ ಮಾತಿನ ಬೆಲೆ ಗೊತ್ತು.

ಈಗ ಫೋಕಸ್. ಎಫ್/6.8ರ ಬೆಳಕಿನಲ್ಲಿ, ಗುಡಿಯ ಕತ್ತಲಲ್ಲಿ, ಗ್ರೌಂಡ್ ಗ್ಲಾಸಿನ ಮೂಲೆ ಕಾಣುವುದೇ ಇಲ್ಲ. ನಾನು ಮಾಡುವುದು ಇಷ್ಟು. ಎರಡು ಚಿಕ್ಕ ಟಾರ್ಚ್ ಒಯ್ಯುತ್ತೇನೆ. ಒಂದನ್ನು ಎಡ ಅಂಚಿನ ಕಂಬದ ಬುಡದಲ್ಲಿ, ಇನ್ನೊಂದನ್ನು ದೂರದ ಗರ್ಭಗುಡಿಯ ಬಾಗಿಲವಾಡದ ಹತ್ತಿರ, ಬೆಳಕು ಕ್ಯಾಮೆರಾ ಕಡೆ ಬರುವಂತೆ ಇಡುತ್ತೇನೆ. ಬಟ್ಟೆಯೊಳಗೆ ಹೊಕ್ಕು ನೋಡಿದರೆ ಎರಡು ಬೆಳಕಿನ ಚುಕ್ಕೆ. ಲೂಪ್ (ಭೂತಗನ್ನಡಿ) ಇಟ್ಟು ಮೊದಲು ಹತ್ತಿರದ ಚುಕ್ಕೆ ಚೂಪಾಗುವ ಜಾಗ ಗುರುತಿಸಿ, ಆಮೇಲೆ ದೂರದ್ದು. ಲೆನ್ಸ್ ಓಡಾಡುವ ಹಳಿಯ ಮೇಲೆ ಪೆನ್ಸಿಲ್ ಗೀರು ಹಾಕಿಕೊಳ್ಳುತ್ತೇನೆ. ಎರಡು ಗೀರುಗಳ ನಡುವೆ ಲೆನ್ಸ್ ನಿಲ್ಲಿಸಿದರೆ ಮುಗಿಯಿತು. ಮೂಲೆಯಲ್ಲಿ ಲೂಪನ್ನು ನೇರ ಇಡಬೇಡಿ, ಲೆನ್ಸ್ ಇರುವ ಕಡೆಗೆ ಓರೆ ಮಾಡಿ. ಕತ್ತಲೆ ಅನಿಸಿದ್ದು ಥಟ್ಟನೆ ಬೆಳಗುತ್ತದೆ.

ಡಾಗೋರ್ ಮತ್ತು ಆಂಗ್ಯುಲಾನ್‌ಗೆ ಇನ್ನೊಂದು ಚಾಳಿ ಇದೆ. ಅಪರ್ಚರ್ ಮುಚ್ಚಿದಂತೆ ಫೋಕಸ್ ಸ್ವಲ್ಪ ಸರಿಯುತ್ತದೆ. ಅದಕ್ಕೆ ಎಫ್/11ಕ್ಕೆ ಮುಚ್ಚಿ ಇನ್ನೊಮ್ಮೆ ನೋಡಿ. ಬಯಲಲ್ಲಿ ಅವಸರದ ಕೆಲಸ ಇದ್ದರೆ 90 ಮಿ.ಮೀ. ಲೆನ್ಸನ್ನು ಎಫ್/22ರಲ್ಲಿ 3.8 ಮೀಟರಿಗೆ ಫೋಕಸ್ ಮಾಡಿ ಬಿಡಿ. 1.9 ಮೀಟರಿನಿಂದ ಕಪ್ಪತಗುಡ್ಡದವರೆಗೆ ಎಲ್ಲ ಚೂಪಾಗಿರುತ್ತದೆ.

ಎಫ್/22ಕ್ಕೆ ಮುಚ್ಚಿದ ಮೇಲೆ ಮೂಲೆ ಪರೀಕ್ಷೆ. ಬಹಳಷ್ಟು ಗ್ರೌಂಡ್ ಗ್ಲಾಸ್‌ಗಳ ನಾಲ್ಕೂ ಮೂಲೆ ಕತ್ತರಿಸಿರುತ್ತವೆ. ಅದು ಒಡೆದದ್ದಲ್ಲ! ಆ ತೆರಪಿನಲ್ಲಿ ಕಣ್ಣಿಟ್ಟು ಲೆನ್ಸ್ ಕಡೆ ನೋಡಿ. ಅಪರ್ಚರಿನ ಪುಟ್ಟ ತೂತು ಪೂರ್ತಿ ಕಂಡರೆ ಆ ಮೂಲೆಗೆ ಬೆಳಕು ಬರುತ್ತದೆ. ಕಚ್ಚಿದ ಹೋಳಿನ ಹಾಗೆ ಅರ್ಧ ಕಂಡರೆ ಲೆನ್ಸಿನ ಅಂಚು ಅಡ್ಡ ಬರುತ್ತಿದೆ. ಏನೂ ಕಾಣದಿದ್ದರೆ ನನ್ನ ಆ ಮೊದಲ ನೆಗೆಟಿವ್ ನಿಮಗೂ ಬರಲಿದೆ. ಹತ್ತು ಸೆಕೆಂಡಿನ ಕೆಲಸ, ನಾಲ್ಕೂ ಮೂಲೆ ನೋಡದೆ ಫಿಲ್ಮ್ ತುಂಬಿದ ಹೋಲ್ಡರ್ ಹಾಕಬೇಡಿ.

ಬೆಳಕಿನ ಲೆಕ್ಕ. ವೈಡ್ ಲೆನ್ಸಿನಲ್ಲಿ ಮೂಲೆಗೆ ಬೆಳಕು ಕಡಿಮೆ ಬೀಳುವುದು ರೋಗವಲ್ಲ, ಅದು ಓರೆ ಕಿರಣದ ಸ್ವಭಾವ. 4×5ರಲ್ಲಿ 90 ಮಿ.ಮೀ. ಸಾದಾ ಲೆನ್ಸಿಗೆ ಮೂಲೆಯಲ್ಲಿ ಸುಮಾರು ಒಂದೂವರೆ ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು). ಇದಕ್ಕೆ ನಡುವೆ ಕಪ್ಪಾಗಿರುವ ಸೆಂಟರ್ ಫಿಲ್ಟರ್ ಸಿಗುತ್ತದೆ, ನಾನು ಕೊಂಡಿಲ್ಲ. ಕಪ್ಪು ಬಿಳುಪು ಫಿಲ್ಮಿಗೆ ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಟ್ಟು, ಪ್ರಿಂಟ್ ಮಾಡುವಾಗ ಮೂಲೆಗಳನ್ನು ಕೈಯಿಂದ ಮರೆ ಮಾಡಿದರೆ ಸಾಕು. ಬಣ್ಣದ ಸ್ಲೈಡ್ ಫಿಲ್ಮಿನವರಿಗೆ ಮಾತ್ರ ಫಿಲ್ಟರ್ ಬೇಕೇ ಬೇಕು.

ಗುಡಿಯೊಳಗೆ ಎಕ್ಸ್‌ಪೋಶರ್ ಸೆಕೆಂಡುಗಟ್ಟಲೆ ಹೋಗುತ್ತದೆ. ಆಗ ಫಿಲ್ಮ್ ಸೋಮಾರಿಯಾಗುತ್ತದೆ. ಇಲ್ಫರ್ಡ್ ಕೊಟ್ಟ ಲೆಕ್ಕದಂತೆ ಎಫ್‌ಪಿ4 ಪ್ಲಸ್ ಫಿಲ್ಮಿಗೆ ಮೀಟರ್ 8 ಸೆಕೆಂಡ್ ಹೇಳಿದರೆ 14 ಕೊಡಬೇಕು. 20 ಹೇಳಿದರೆ 44, 30 ಹೇಳಿದರೆ 73. ಈ ಮೂರು ಅಂಕಿ ಬರೆದು ಲೆನ್ಸ್ ಬೋರ್ಡ್ ಹಿಂದೆ ಅಂಟಿಸಿಕೊಂಡಿದ್ದೇನೆ.

ಕೊನೆಗೆ ಒಂದು ಮಾತು. ಕಾಶಿವಿಶ್ವೇಶ್ವರದಲ್ಲಿ ಎರಡು ಗರ್ಭಗುಡಿ ಎದುರುಬದುರು ಇವೆ, ಬೆಳಕು ಹೊರಗಿನಿಂದ ನುಗ್ಗುತ್ತದೆ, ಕಂಬಗಳ ನುಣುಪು ಕಲ್ಲು ಅದನ್ನು ತಿರುಗಿ ಎಸೆಯುತ್ತದೆ. ಗಾಜಿನ ಮೇಲೆ ಪ್ರತಿಫಲನ ತಡೆಯುವ ಕೋಟಿಂಗ್ ಇಲ್ಲದ ಲೆನ್ಸ್ ಇಂಥಲ್ಲಿ ಮಂಜು ಹಾಕಿದಂತೆ ಆಗುತ್ತದೆ. ಹೋಲ್ಡರಿನಿಂದ ತೆಗೆದ ಡಾರ್ಕ್ ಸ್ಲೈಡನ್ನೇ (ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ತಗಡು) ಲೆನ್ಸಿನ ಮುಂದೆ ಛತ್ರಿಯಂತೆ ಹಿಡಿಯಿರಿ. ಚಿತ್ರದೊಳಗೆ ಬಾರದ ಹಾಗೆ ಹಿಡಿಯಲು ಒಂದೆರಡು ಫಿಲ್ಮ್ ಹಾಳಾಗುತ್ತವೆ, ಇರಲಿ.

ಶಟರ್: ಮುಟ್ಟಬೇಡಿ, ಅಳೆಯಿರಿ

ಹಳೆ ಶಟರುಗಳ ನಿಧಾನ ವೇಗಗಳು ಇನ್ನೂ ನಿಧಾನವಾಗಿರುತ್ತವೆ. ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತದೆ. ಶಟರ್ ಹಿಂದೆ ಬಲ್ಬ್ ಇಟ್ಟು ತೆಗೆದು, ಬೆಳಕು ಕಂಡ ಫ್ರೇಮ್ ಎಣಿಸಿ. 1 ಸೆಕೆಂಡಿಗೆ 240, 1/15ಕ್ಕೆ 16 ಬರಬೇಕು. 1/15ಕ್ಕೆ 32 ಬಂದರೆ ಒಂದು ಸ್ಟಾಪ್ ತಪ್ಪು. ಬರೆದಿಟ್ಟುಕೊಳ್ಳಿ. ಪ್ರತಿ ಸಲ ಒಂದೇ ಸಮನೆ ತಪ್ಪಿದರೆ ಅಡ್ಡಿಯಿಲ್ಲ, ಹೊಂದಿಕೊಂಡು ಹೋಗಬಹುದು. ಒಂದೊಂದು ಸಲ ಒಂದೊಂದು ಬಂದರೆ ರಿಪೇರಿಗೆ ಕಳಿಸಿ. ಕಳಿಸುವಾಗ ಗಾಜಿನ ಗುಂಪುಗಳನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ, ಬರೀ ಶಟರ್ ಕೊಡಿ.

ಸಿಂಕ್ರೋ ಕಂಪುರ್ ಶಟರಿನಲ್ಲಿ 1/500 ಸೆಕೆಂಡ್ ಬೇಕಿದ್ದರೆ ಸ್ಪ್ರಿಂಗ್ ಬಿಗಿಯಲು ಶಟರ್ ಎಳೆಯುವ ಮೊದಲೇ ಇಟ್ಟುಕೊಳ್ಳಿ. ಎಳೆದ ಮೇಲೆ ಬಲವಂತವಾಗಿ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಜೊತೆ ಜಗಳ. ಹಳೆ ಶಟರಿನ ಸೆಲ್ಫ್ ಟೈಮರ್ ಇದೆ ಅನ್ನುವುದನ್ನೇ ಮರೆತುಬಿಡಿ.

ಎಣ್ಣೆಯ ವಿಷಯ ಹೇಳಲೇಬೇಕು. ನನ್ನ ಎರಡನೇ ಶಟರ್ 1 ಸೆಕೆಂಡಿನಲ್ಲಿ ಮುಗ್ಗರಿಸುತ್ತಿತ್ತು. ಹೊಲಿಗೆ ಮಶೀನಿನ ಎಣ್ಣೆ ಒಂದೇ ಒಂದು ಹನಿ ಬಿಟ್ಟೆ. ಎರಡು ದಿನ ಚೆನ್ನಾಗಿ ಓಡಿತು. ಬೇಸಿಗೆ ಬಂತು, ಎಣ್ಣೆ ತೆಳುವಾಗಿ ಹರಿದು ರೆಕ್ಕೆಗಳ ಮೇಲೆ ಹರಡಿತು. ರೆಕ್ಕೆಗಳು ಒಂದಕ್ಕೊಂದು ಅಂಟಿ ಕೂತವು, ಹಪ್ಪಳದ ಹಾಗೆ. ಶಟರಿನ ರೆಕ್ಕೆ ಒಣಗಿಯೇ ಓಡಬೇಕು.

ಧಾರವಾಡದ ಜಿಟಿಜಿಟಿ ಮಳೆ

ಗದಗದಲ್ಲಿ ಲೆನ್ಸ್ ಇಡುವುದಕ್ಕೂ ಧಾರವಾಡದಲ್ಲಿ ಇಡುವುದಕ್ಕೂ ವ್ಯತ್ಯಾಸ ಇದೆ. ಗದಗ ಒಣ ಹವೆ. ಅಲ್ಲಿ ಶತ್ರು ಬಿಸಿಲು. ಕಾರಿನಲ್ಲಿ ಬಿಟ್ಟ ಲೆನ್ಸಿನ ಬಾಲ್ಸಮ್ ಮೆತ್ತಗಾಗುತ್ತದೆ. ಧಾರವಾಡ ಮಲೆನಾಡಿನ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೇ ಮುಗ್ಗಲು ವಾಸನೆ ಬರುತ್ತದೆ, ಲೆನ್ಸಿನ ಪಾಡು ಕೇಳಬೇಡಿ.

ಮೊದಲ ತಪ್ಪು ಚರ್ಮದ ಪೆಟ್ಟಿಗೆ. ಹಳೆ ಲೆನ್ಸ್ ಜೊತೆ ಚಂದದ ಚರ್ಮದ ಡಬ್ಬಿ ಬರುತ್ತದೆ, ಫಂಗಸ್‌ಗೆ ಅದೇ ತವರುಮನೆ. ಅದನ್ನು ಶೋಕೇಸಿನಲ್ಲಿಡಿ. ಲೆನ್ಸನ್ನು ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಜೊತೆಗೆ ಸಿಲಿಕಾ ಜೆಲ್ ಮತ್ತು ತೇವ ಅಳೆಯುವ ಚಿಕ್ಕ ಮೀಟರ್. ತೇವ ಶೇ. 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ ಬದಲಿಸಿ. ಬಣ್ಣ ಬದಲಾದ ಜೆಲ್ಲನ್ನು 120 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಯ ಪಾತ್ರೆಯಲ್ಲಿ ಹುರಿಯಬೇಡಿ. ಕಿತ್ತಳೆ ಬಣ್ಣದ್ದು ತನ್ನಿ.

ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು ಬೇಡ, ಹಿಟ್ಟಿನ ಧೂಳು ಶಟರಿಗೆ ಹೋಗುತ್ತದೆ. ನುಸಿಗುಳಿಗೆಯೂ ಬೇಡ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ.

ತಿಂಗಳಿಗೊಮ್ಮೆ ಹೊರಗೆ ತೆಗೆದು, ಶಟರನ್ನು ಎಲ್ಲ ವೇಗಗಳಲ್ಲಿ ಹತ್ತು ಸಲ ಓಡಿಸಿ, ಟಾರ್ಚ್ ಹಾಕಿ ಅಂಚು ನೋಡಿ. ಒರೆಸುವ ಕ್ರಮ ಹೀಗೆ: ರಬ್ಬರ್ ಬಲ್ಬಿನಿಂದ ಊದಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲಷ್ಟೇ ಲೆನ್ಸ್ ಟಿಶ್ಯೂ. ಐಸೊಪ್ರೊಪೈಲ್ ಆಲ್ಕೋಹಾಲನ್ನು ಟಿಶ್ಯೂಗೆ ಹಾಕಿ, ಗಾಜಿಗೆ ಸುರಿಯಬೇಡಿ. ಅಂಚಿನಲ್ಲಿ ಇಳಿದರೆ ಬಾಲ್ಸಮ್ಮಿಗೆ ತಾಗುತ್ತದೆ. ನಡುವಿನಿಂದ ಹೊರಕ್ಕೆ ಸುತ್ತುತ್ತಾ ಒಂದೇ ಸಲ, ಪ್ರತಿ ಸಲ ಹೊಸ ಟಿಶ್ಯೂ. 1940ರ ದಶಕದ ಕೋಟಿಂಗ್ ಮೆತ್ತಗಿರುತ್ತದೆ. ಪಂಚೆಯ ಅಂಚಿನಲ್ಲಿ ಒರೆಸುವ ಹಿರಿಯರ ಕೈಗೆ ಲೆನ್ಸ್ ಕೊಡಬೇಡಿ, ಎಷ್ಟೇ ಗೌರವ ಇರಲಿ.

ಫಂಗಸ್ ಹೊರಮೈ ಮೇಲಿದ್ದರೆ 3% ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಮನೆಬಳಕೆಯ ಅಮೋನಿಯ ಸಮಸಮ ಬೆರೆಸಿ, ಟಿಶ್ಯೂ ಒದ್ದೆ ಮಾಡಿ ಒರೆಸಿ. ಕಿಟಕಿ ತೆರೆದಿರಲಿ, ಬ್ಲೀಚ್ ಹತ್ತಿರವೂ ಸುಳಿಯಬಾರದು. ಒರೆಸಿದ ಮೇಲೂ ಎಳೆಗಳ ಗುರುತು ಉಳಿದರೆ ಗಾಜನ್ನೇ ತಿಂದಿದೆ, ಅದು ಹೋಗುವುದಿಲ್ಲ. ಅಂಚಿನ ಒಂದೆರಡು ಎಳೆಗೆ ಹೆದರಬೇಡಿ. ಎಫ್/22ರಲ್ಲಿ ಅವು ಚಿತ್ರದಲ್ಲಿ ಕಾಣುವುದೇ ಅಪರೂಪ.

ಧೂಳಿನ ಬಗ್ಗೆ ಹಾವೇರಿ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸೀಸನ್ನಿನಲ್ಲಿ ಕ್ಯಾಮೆರಾ ಒಯ್ದರೆ ಲೆನ್ಸ್ ಬೋರ್ಡ್ ಬದಲಿಸುವುದು ಮನೆಗೆ ಬಂದ ಮೇಲೆ. ಬೆಲೋಸ್ ಒಳಗೆ ಘಾಟು ಹೊಕ್ಕರೆ ವಾರಗಟ್ಟಲೆ ಕಪ್ಪು ಬಟ್ಟೆಯೊಳಗೆ ಸೀನುತ್ತೀರಿ, ಅಷ್ಟು ಹೊತ್ತಿಗೆ ಫೋಕಸ್ ಸರಿದಿರುತ್ತದೆ.

ಮಳೆ ಮುಗಿದು ನವರಾತ್ರಿ ಬಂದಾಗ ಡಬ್ಬಿಯಿಂದ ಎಲ್ಲ ಹೊರಗೆ ಬರುತ್ತವೆ. ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ಕ್ಯಾಮೆರಾಕ್ಕೂ ಪೂಜೆ ಉಂಟು. ಕುಂಕುಮ ಹಚ್ಚುವ ಜಾಗ ಮೊದಲೇ ತೋರಿಸಿಬಿಟ್ಟಿದ್ದೇನೆ: ಸ್ಟ್ಯಾಂಡಿನ ಮೂರು ಕಾಲು.